ಎಣ್ಣೆ ಎಲೆಗೆ, ಹಿಂಡಿ ಬುಡಕ್ಕೆ

ಕಳೆದ ಮಾರ್ಚ್‌ನಲ್ಲಿ ಗೃಹಿಣಿಯೊಬ್ಬರು ಗುಲಾಬಿಯ ನಾಲ್ಕು ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನನ್ನ ಬಳಿಗೆ ಬಂದರು. ಎಲೆಯಂಚು ಸುಟ್ಟು ಕಂದಾಗಿತ್ತು, ಮೇಲೆಲ್ಲ ಜಿಡ್ಡು. ಚೀಲ ಬಿಚ್ಚಿದೊಡನೆ ಬೇವಿನೆಣ್ಣೆಯ ಕಮಟು ಮೂಗಿಗೆ ಬಡಿಯಿತು.

“ಇದು ಯಾವ ರೋಗ ಸರ್?”

“ರೋಗವಲ್ಲಮ್ಮ. ಎಣ್ಣೆ ಎಷ್ಟು ಹಾಕಿದಿರಿ?”

“ಲೀಟರ್ ನೀರಿಗೆ ಎರಡು ದೊಡ್ಡ ಚಮಚ. ಗಿಡಕ್ಕೆ ಪುಷ್ಟಿ ಬರಲಿ ಎಂದು ಮೇಲೊಂದು.”

ಅದನ್ನು ಸಿಂಪಡಿಸಿದ್ದು ಬೆಳಗ್ಗೆ ಹನ್ನೊಂದಕ್ಕೆ, ಕಾದ ತಾರಸಿಯ ಮೇಲೆ.

ಪುಷ್ಟಿ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುವುದು. ಎಣ್ಣೆಯಲ್ಲಿ ಗಿಡಕ್ಕೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಇಲ್ಲವೆಂದೇ ಹೇಳಬೇಕು. ಅದು ಆಹಾರವಲ್ಲ, ಲೇಪ. ಗಿಡದ ರಸ ಹೀರುವ ಹೇನಿನ, ನುಸಿಯ ಉಸಿರಾಟದ ರಂಧ್ರ ಮುಚ್ಚಿ ಅವನ್ನು ಕೊಲ್ಲುವ ಲೇಪವೇ ದಪ್ಪವಾದರೆ ಎಲೆಯ ಉಸಿರನ್ನೂ ಕಟ್ಟುತ್ತದೆ. ಬಿಸಿಲು ಸೇರಿದರೆ ಎಲೆ ಸುಡುತ್ತದೆ.

ಬೇವಿನಲ್ಲಿ ಇನ್ನೊಂದು ಗುಣವಿದೆ. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಹುಳುವಿನ ಬಾಯಿ ಕಟ್ಟುತ್ತದೆ, ಪೊರೆ ಕಳಚುವುದನ್ನು ಕೆಡಿಸುತ್ತದೆ. ಇದು ನಿಧಾನದ ಕೆಲಸ. ಮರುದಿನವೂ ಹೇನು ಕಂಡಿತೆಂದು ಮತ್ತೆ ಸಿಂಪಡಿಸುವವರೇ ಹೆಚ್ಚು. ಏಳರಿಂದ ಹತ್ತು ದಿನ ಬಿಡಬೇಕು. ಬಿಸಿಲಿಗೆ ಈ ಅಂಶ ಬೇಗ ಕೆಡುವುದರಿಂದ ಸಂಜೆಯೇ ಸರಿಯಾದ ಹೊತ್ತು. ಆ ಹೊತ್ತಿಗೆ ಜೇನ್ನೊಣಗಳೂ ಗೂಡು ಸೇರಿರುತ್ತವೆ.

ಲೀಟರ್‌ಗೆ 5 ಮಿಲಿ ಸಾಕು, ಎಳೆ ಚಿಗುರಿದ್ದರೆ 3. ಕಷ್ಟವಿರುವುದು ಬೆರೆಸುವುದರಲ್ಲಿ. ನಾಲ್ಕೈದು ಅಂಟುವಾಳಕಾಯಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿ, ಆ ನೊರೆನೀರಿಗೆ ಮೊದಲು ಎಣ್ಣೆ ಹಾಕಿ ಕಲಕಬೇಕು. ಹಾಲಿನಂತೆ ಬೆಳ್ಳಗಾದ ಮೇಲೆ ಉಳಿದ ನೀರು. ಮೇಲೆ ಎಣ್ಣೆಯ ಉಂಗುರ ತೇಲಿದರೆ ಬೆರೆತಿಲ್ಲ ಎಂದರ್ಥ; ಹಾಗೆ ಸಿಂಪಡಿಸಿದರೆ ಒಂದು ಎಲೆಗೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ. ಡಿಸೆಂಬರ್ ಚಳಿಯಲ್ಲಿ ಗಾಣದ ಎಣ್ಣೆ ತುಪ್ಪದಂತೆ ಗಟ್ಟಿಯಾದರೆ ಕೆಟ್ಟಿತೆಂದು ಚೆಲ್ಲಬೇಡಿ, ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿಡಿ.

ಸಿಂಪಡಣೆ ಎಲೆಯ ಅಡಿಗೆ ತಲುಪಬೇಕು. ಮಂಕಾದ ಎಲೆಯನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ. ಉದುರಿದ ಚುಕ್ಕೆಗಳು ನಡೆಯತೊಡಗಿದರೆ ಅದು ನುಸಿ. ಅದಕ್ಕೆ ಹೊಂಗೆಎಣ್ಣೆಯೂ ಆಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಸಿಕ್ಕರೆ ಬೆರೆಸುವ ರಗಳೆಯೇ ಇಲ್ಲ. ಮೊಗ್ಗಿನ ಮಡಿಕೆಯೊಳಗೆ ಕುಳಿತ ಥ್ರಿಪ್ಸ್ ಎಂಬ ಸಣ್ಣ ಕೀಟಕ್ಕೆ ಮಾತ್ರ ಯಾವ ಎಣ್ಣೆಯೂ ಮುಟ್ಟುವುದಿಲ್ಲ. ಕಂದಿದ ಮೊಗ್ಗನ್ನು ಕಿತ್ತು ಹಾಕುವುದೇ ಸರಿ.

ಎಲೆಯ ಮೇಲೆ ಬಿಳಿ ಪುಡಿಯಂತೆ ಹರಡುವ ಶಿಲೀಂಧ್ರವೇ ಬೂದಿರೋಗ; ಅದು ಆರಂಭದಲ್ಲಿರುವಾಗ ಬೇವಿನೆಣ್ಣೆ ಒಳ್ಳೆಯದು. ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನಲ್ಲಿ ಪೇಟೆಂಟ್ ಕೊಟ್ಟಿದ್ದರು. ಇದು ಭಾರತದಲ್ಲಿ ಹಿಂದಿನಿಂದಲೂ ಗೊತ್ತಿದ್ದದ್ದೆಂಬ ವಾದ ನಿಂತು, 2000ದಲ್ಲಿ ಅದು ರದ್ದಾಯಿತು. ಈ ರೋಗಕ್ಕೆಂದು ಗಂಧಕ ಸಿಂಪಡಿಸಿದ್ದರೆ ಎರಡು ವಾರ ಎಣ್ಣೆಯ ಗೊಡವೆ ಬೇಡ. ಎರಡೂ ಸೇರಿದರೆ ಎಲೆ ಸುಡುತ್ತದೆ.

ಇನ್ನು ಪುಷ್ಟಿಯ ಮಾತು. ಅದು ಇರುವುದು ಗಾಣದಲ್ಲಿ ಉಳಿಯುವ ಹಿಂಡಿಯಲ್ಲಿ. ಬೇವಿನ ಹಿಂಡಿಯಾಗಲಿ ಹೊಂಗೆ ಹಿಂಡಿಯಾಗಲಿ, ಸುಮಾರು ಶೇ 4ರಷ್ಟು ಸಾರಜನಕ ಕೊಡುತ್ತದೆ. ಬೇವು ಅದನ್ನು ಮಣ್ಣಿನಲ್ಲಿ ನಿಧಾನವಾಗಿ ಬಿಡುವಂತೆಯೂ ಮಾಡುತ್ತದೆ. ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯವಾದದ್ದಕ್ಕೆ ಈ ಗುಣವೂ ಒಂದು ಕಾರಣ. ಹನ್ನೆರಡು ಇಂಚಿನ ಕುಂಡಕ್ಕೆ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಹಿಂಡಿಯನ್ನು ಕಾಂಡಕ್ಕೆ ತಾಗದಂತೆ ಮಣ್ಣಿಗೆ ಬೆರೆಸಿ ನೀರು ಕೊಡಿ.

ಆ ಗೃಹಿಣಿಯ ಗಿಡವನ್ನು ಶುದ್ಧ ನೀರಿನಲ್ಲಿ ತೊಳೆಸಿ, ಸುಟ್ಟ ತುದಿ ಕತ್ತರಿಸಲು ಹೇಳಿ ಕಳಿಸಿದೆ. ಏಪ್ರಿಲ್ ಕೊನೆಗೆ ಮೊಬೈಲ್‌ನಲ್ಲಿ ಚಿತ್ರ ಕಳಿಸಿದರು: ಕೆಂಪು ಚಿಗುರು, ಮೊಗ್ಗಿನ ಕತ್ತಿನ ಸುತ್ತ ಹಸಿರು ಹೇನು. “ಈಗ ಎಷ್ಟು ಮಿಲಿ ಸರ್?” ಚಿತ್ರ ಹಿಗ್ಗಿಸಿ ನೋಡಿದೆ. ಹೇನುಗಳ ನಡುವೆ ಗುಲಗಂಜಿ ಹುಳುವಿನ ಎರಡು ಮರಿಗಳು ಹರಿದಾಡುತ್ತಿದ್ದವು.

“ಬಾಟಲಿ ಒಳಗಿಡಿ ಅಮ್ಮ, ಹೇನು ತಿನ್ನುವವರು ಬಂದಿದ್ದಾರೆ” ಎಂದೆ.