ಹನ್ನೊಂದು ದಿನ ಬದುಕಿದ ಮಗುವಿನ ಹೆಸರನ್ನೂ ಮಾರ್ಮನ್ ಕುಟುಂಬದವರು ಯಾಕೆ ಬರೆದಿಡುತ್ತಾರೆ?

ಓದುಗರ ಪ್ರಶ್ನೆ: ಮಗಳು ಅಮೆರಿಕದ ಯೂಟಾದಲ್ಲಿದ್ದಾಳೆ. ನಾವಿಬ್ಬರೂ ಹೋಗಿ ಐದು ತಿಂಗಳು ಇದ್ದು ಬಂದೆವು. ಪಕ್ಕದ ಮನೆಯವರು ಮಾರ್ಮನ್ನರು, ತುಂಬಾ ಒಳ್ಳೆಯ ಜನ. ಊಟಕ್ಕೆ ಕರೆದಾಗ ಅವರ ಮುತ್ತಜ್ಜ, ಮುತ್ತಜ್ಜಿ ಮತ್ತು ಅವರ ಎಲ್ಲಾ ಮಕ್ಕಳ ವಿವರ ಇದ್ದ ಒಂದು ಹಾಳೆ ತೋರಿಸಿದರು. ಕೂಸಿದ್ದಾಗಲೇ ತೀರಿಕೊಂಡ ಮಕ್ಕಳ ಹೆಸರೂ ಅದರಲ್ಲಿತ್ತು. ನಿಮ್ಮ ಅಜ್ಜಿಗೆ ಎಷ್ಟು ಮಕ್ಕಳು ಅಂತ ನನ್ನನ್ನೂ ಕೇಳಿದರು. ನನಗೆ ಹೇಳೋಕೆ ಆಗಲಿಲ್ಲ. ಇವರು ಇಷ್ಟು ಹಿಂದಿನವರನ್ನು ಯಾಕೆ ಹುಡುಕುತ್ತಾರೆ? ನಮ್ಮ ಹಿರಿಯರ ಹೆಸರು ಕೊಟ್ಟರೆ ಏನಾದರೂ ತೊಂದರೆ ಇದೆಯಾ?

ಮೊದಲು ನೇರ ಉತ್ತರ. ಮಾರ್ಮನ್ನರು ಅಮೆರಿಕದಲ್ಲಿ ಹುಟ್ಟಿದ, ಯೇಸುವನ್ನು ನಂಬುವ ಒಂದು ಪಂಥದವರು. ಸಾವಿನ ನಂತರವೂ ಕುಟುಂಬ ಕುಟುಂಬವಾಗಿಯೇ ಇರುತ್ತದೆ ಎಂದು ಅವರು ನಂಬುತ್ತಾರೆ. ಆದರೆ ಅದು ತಾನಾಗಿ ಆಗುವುದಿಲ್ಲ. ಗಂಡನಿಗೆ ಹೆಂಡತಿಯನ್ನು, ಆ ಸೇರ್ಪಡೆಗೂ ಮೊದಲೇ ಹುಟ್ಟಿದ ಮಕ್ಕಳಿದ್ದರೆ ಅಪ್ಪ ಅಮ್ಮನಿಗೆ ಒಂದೊಂದು ಮಗುವನ್ನೂ ಅವರ ದೇವಾಲಯದಲ್ಲಿ ಹೆಸರು ಹೇಳಿ ಸೇರಿಸಬೇಕು. ಇದಕ್ಕೆ ಅವರು ಸೀಲಿಂಗ್ ಅನ್ನುತ್ತಾರೆ. ಹೆಸರು ಗೊತ್ತಿಲ್ಲದಿದ್ದರೆ ಸೇರಿಸುವುದು ಹೇಗೆ? ನೀವು ನೋಡಿದ ಹಾಳೆಯಲ್ಲಿ ಒಂದು ಸಾಲು ಖಾಲಿ ಇದ್ದರೆ, ಅವರ ಮಟ್ಟಿಗೆ ಮನೆಯವರೊಬ್ಬರು ಇನ್ನೂ ಹೊರಗೆ ನಿಂತಿದ್ದಾರೆ ಅಂತಲೇ ಅರ್ಥ.

ಇದನ್ನು ಸಿದ್ಧಾಂತವಾಗಿ ಹೇಳಿದರೆ ಒಣಗಿದಂತೆ ಕೇಳುತ್ತದೆ. ಇದು ಹುಟ್ಟಿದ್ದು ಒಂದು ಮನೆಯ ದುಃಖದಿಂದ. ಆ ಮನೆಯ ಕಥೆ ಗೊತ್ತಾದರೆ ನಿಮ್ಮ ಪಕ್ಕದ ಮನೆಯವರು ನಿಮ್ಮ ಅಜ್ಜಿಯ ಬಗ್ಗೆ ಯಾಕೆ ಕೇಳಿದರು ಅನ್ನುವುದೂ ಅರ್ಥವಾಗುತ್ತದೆ.

ಈ ಧರ್ಮವನ್ನು 1830ರಲ್ಲಿ ಶುರು ಮಾಡಿದವನು ಜೋಸೆಫ್ ಸ್ಮಿತ್. ಅವನ ತಾಯಿ ಲೂಸಿ ಮ್ಯಾಕ್ ಸ್ಮಿತ್, ತಂದೆಯ ಹೆಸರೂ ಜೋಸೆಫ್. ಇವರ ಹಾಳೆಯನ್ನೇ ತೆಗೆದುಕೊಳ್ಳಿ. ಮೊದಲ ಸಾಲಿನಲ್ಲಿ, ಸುಮಾರು 1797ರಲ್ಲಿ, ಒಂದು ಗಂಡು ಮಗು. ಹೆಸರಿಲ್ಲ, ಹುಟ್ಟಿದಾಗಲೇ ಹೋಗಿಬಿಟ್ಟಿತು. ಆಮೇಲೆ ಆಲ್ವಿನ್, ಹೈರಮ್, ಸೊಫ್ರೋನಿಯಾ, ಜೋಸೆಫ್, ಸ್ಯಾಮ್ಯುಯೆಲ್. 1810ರ ಮಾರ್ಚ್‌ನಲ್ಲಿ ಎಫ್ರೇಮ್, ಹನ್ನೊಂದು ದಿನ ಬದುಕಿದ ಕೂಸು. ಆಮೇಲೆ ವಿಲಿಯಂ, ಕ್ಯಾಥರೀನ್, ಡಾನ್ ಕಾರ್ಲೋಸ್, ಕೊನೆಗೆ ತಾಯಿಯದೇ ಹೆಸರಿನ ಲೂಸಿ. ಒಟ್ಟು ಹನ್ನೊಂದು. ಇವರಲ್ಲಿ ಜಗತ್ತಿಗೆ ಗೊತ್ತಿರುವವನು ಒಬ್ಬ. ತಾಯಿಗೆ ಹನ್ನೊಂದೂ ಮಕ್ಕಳೇ ಅಲ್ವಾ.

ಎಲ್ಲಾ ತಿರುಗುವುದು ಆಲ್ವಿನ್ ಸುತ್ತ. ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಹತ್ತಿರ ವಯಸ್ಸಾಗುತ್ತಿದ್ದ ಅಪ್ಪ ಅಮ್ಮನಿಗೆ ಅಂತ ಅವನು ಒಂದು ಒಳ್ಳೆಯ ಮರದ ಮನೆ ಕಟ್ಟಿಸುತ್ತಿದ್ದ. ಅದು ಮುಗಿಯುವ ಮೊದಲೇ 1823ರ ನವೆಂಬರ್‌ನಲ್ಲಿ ಹೊಟ್ಟೆನೋವು ಬಂತು. ವೈದ್ಯರು ಪಾದರಸ ಸೇರಿದ ಕ್ಯಾಲೊಮೆಲ್ ಕೊಟ್ಟರು. 19ನೇ ತಾರೀಕು ತೀರಿಕೊಂಡ. ವಯಸ್ಸು 25. ಅವನಿಗೆ ದೀಕ್ಷಾಸ್ನಾನ, ಅಂದರೆ ನೀರಿನಿಂದ ಚರ್ಚಿಗೆ ಸೇರಿಸಿಕೊಳ್ಳುವ ಸಂಸ್ಕಾರ, ಆಗಿರಲಿಲ್ಲ. ಶವಸಂಸ್ಕಾರದ ದಿನ ಪಾದ್ರಿಯೊಬ್ಬರು, ಈ ಹುಡುಗ ಚರ್ಚಿಗೆ ಸೇರಿದವನಲ್ಲ, ನರಕಕ್ಕೇ ಹೋಗಿದ್ದಾನೆ ಅನ್ನುವ ಅರ್ಥ ಬರುವ ಹಾಗೆ ಮಾತಾಡಿದರು ಎಂದು ಆಲ್ವಿನ್‌ನ ತಮ್ಮ ವಿಲಿಯಂ ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡಿದ್ದಾನೆ. ಮಗನ ಹೆಣ ಮುಂದಿಟ್ಟುಕೊಂಡು ಕೂತ ತಂದೆ ಆ ಮಾತು ಕೇಳಿಸಿಕೊಂಡರೆ ಏನಾಗಬೇಡ!

ಹನ್ನೆರಡು ವರ್ಷ ಕಳೆಯಿತು. 1836ರ ಜನವರಿ 21ರಂದು ಒಹಾಯೋದ ಕರ್ಟ್‌ಲ್ಯಾಂಡ್‌ನಲ್ಲಿ ತನಗೆ ಸ್ವರ್ಗದ ದರ್ಶನವಾಯಿತು, ಅಲ್ಲಿ ಆಲ್ವಿನ್ ಇದ್ದ ಎಂದು ಜೋಸೆಫ್ ಹೇಳಿದ. ದೀಕ್ಷಾಸ್ನಾನ ಇಲ್ಲದ ಅಣ್ಣ ಅಲ್ಲಿಗೆ ಹೇಗೆ ಬಂದ ಅಂತ ಅವನಿಗೇ ಆಶ್ಚರ್ಯ. ಅವಕಾಶ ಸಿಕ್ಕಿದ್ದರೆ ಒಪ್ಪಿಕೊಳ್ಳುತ್ತಿದ್ದವರಿಗೆ ಬಾಗಿಲು ಮುಚ್ಚಿರುವುದಿಲ್ಲ ಎಂಬುದು ಅವನಿಗೆ ಸಿಕ್ಕ ಉತ್ತರ. 1840ರ ಆಗಸ್ಟ್ 15ರಂದು ಇಲಿನಾಯ್‌ನ ನಾವೂ ಎಂಬ ಊರಿನಲ್ಲಿ ಅವನು ಇನ್ನೊಂದು ಹೆಜ್ಜೆ ಮುಂದೆ ಹೋದ. ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು ಎಂದು ಎಲ್ಲರ ಮುಂದೆ ಸಾರಿದ. ಬೈಬಲ್ಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಇದರ ಪ್ರಸ್ತಾಪ ಒಂದೇ ಒಂದು ವಾಕ್ಯದಲ್ಲಿ ಬರುತ್ತದೆ. ಜನ ಮಿಸ್ಸಿಸಿಪ್ಪಿ ನದಿಗೆ ಇಳಿದರು. ತೀರಿಹೋದ ಅಪ್ಪ, ಅಮ್ಮ, ಮಕ್ಕಳ ಹೆಸರಲ್ಲಿ ಮುಳುಗಿ ಎದ್ದರು.

ಮುಂದಿನ ತಿಂಗಳು ತಂದೆ ಜೋಸೆಫ್ ಹಾಸಿಗೆ ಹಿಡಿದಿದ್ದರು. ವಿಷಯ ತಿಳಿದ ಕೂಡಲೇ ಆಲ್ವಿನ್ ಪರವಾಗಿ ತಡಮಾಡದೆ ಮಾಡಿ ಅಂದರಂತೆ. ಲೂಸಿ ತಾನು ಹೇಳಿ ಬರೆಸಿದ ನೆನಪುಗಳಲ್ಲಿ ಇದನ್ನು ಇಟ್ಟಿದ್ದಾಳೆ. ಸೆಪ್ಟೆಂಬರ್ 14ರಂದು ಅವರು ತೀರಿಕೊಂಡರು. ಅಣ್ಣನ ಹೆಸರಲ್ಲಿ ನೀರಿಗೆ ಇಳಿದವನು ಹೈರಮ್. ಹದಿನೇಳು ವರ್ಷ ಹೊತ್ತುಕೊಂಡಿದ್ದ ಒಂದು ಭಾರ. ಆ ನಂಬಿಕೆಯನ್ನು ನಾವು ಒಪ್ಪಲಿ ಬಿಡಲಿ, ಆ ಭಾರ ಎಂಥದ್ದು ಅಂತ ಯಾರಿಗೆ ಬೇಕಾದರೂ ಅರ್ಥವಾಗುತ್ತದೆ.

ಬರೆದಿಡುವ ವಿಷಯ ಬಂದಿದ್ದು ಇದರ ಬೆನ್ನಲ್ಲೇ. ಶುರುವಿನಲ್ಲಿ ಯಾರ ಪರವಾಗಿ ಯಾರು ಇಳಿದರು ಅನ್ನುವ ಲೆಕ್ಕ ಸರಿಯಾಗಿ ಇರುತ್ತಿರಲಿಲ್ಲ. 1842ರ ಸೆಪ್ಟೆಂಬರ್‌ನಲ್ಲಿ ಜೋಸೆಫ್ ಎರಡು ಪತ್ರ ಬರೆದ. ಕಣ್ಣಾರೆ ನೋಡಿ ಬರೆದುಕೊಳ್ಳುವ ಒಬ್ಬ ದಾಖಲೆಗಾರ ಇರಲೇಬೇಕು ಅಂದ. ನಾವಿಲ್ಲದೆ ನಮ್ಮ ಹಿರಿಯರು ಪೂರ್ತಿಯಾಗುವುದಿಲ್ಲ, ಅವರಿಲ್ಲದೆ ನಾವೂ ಪೂರ್ತಿಯಾಗುವುದಿಲ್ಲ ಅನ್ನುವ ಮಾತು ಬರುವುದು ಅದರಲ್ಲೇ. ಇವತ್ತಿಗೂ ಅವರು ಜಾಸ್ತಿ ಹೇಳುವ ಮಾತುಗಳಲ್ಲಿ ಇದೊಂದು.

ಲೂಸಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1844ರ ಜೂನ್ 27ರಂದು ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಜೋಸೆಫ್ ಮತ್ತು ಹೈರಮ್ ಇಬ್ಬರನ್ನೂ ಕೊಂದಿತು. ಸುಮಾರು ಒಂದು ತಿಂಗಳಲ್ಲೇ ಸ್ಯಾಮ್ಯುಯೆಲ್ ಕೂಡ ಹೋದ. ಒಂದೇ ಬೇಸಿಗೆಯಲ್ಲಿ ಮೂರು ಗಂಡುಮಕ್ಕಳು. ಅದೇ ಚಳಿಗಾಲದಲ್ಲಿ ಆ ಮುದುಕಿ ಕೂತು ಮಾರ್ಥಾ ಜೇನ್ ಕೋರೆ ಎಂಬ ಹೆಣ್ಣುಮಗಳ ಕೈಲಿ ಮನೆತನದ ಕಥೆಯನ್ನೆಲ್ಲ ಬರೆಸಿದಳು. 1853ರಲ್ಲಿ ಅದು ಲಿವರ್‌ಪೂಲ್‌ನಲ್ಲಿ ಅಚ್ಚಾಯಿತು. ಆಗಿನ ಚರ್ಚ್ ನಾಯಕ ಬ್ರಿಗಮ್ ಯಂಗ್‌ಗೆ ಅದು ಹಿಡಿಸಲಿಲ್ಲ. ತಪ್ಪುಗಳಿವೆ ಅಂತ 1865ರಲ್ಲಿ ಪ್ರತಿಗಳನ್ನು ವಾಪಸ್ ತರಿಸಲು ಹೇಳಿದ. ಆದರೂ ಪುಸ್ತಕ ಉಳಿಯಿತು. ಆ ಮನೆಯ ಬಗ್ಗೆ ಯಾರು ಏನೇ ಬರೆಯಲಿ, ಮೊದಲು ಲೂಸಿಯನ್ನೇ ಕೇಳಬೇಕು. ಮನೆಯ ಕಥೆ ಗೊತ್ತಿರುವುದು ಅಜ್ಜಿಗೇ, ಎಲ್ಲಾ ಕಡೆ ಹೀಗೇ.

ಆಮೇಲೆ ಮನೆ ಒಡೆಯಿತು. ಹೈರಮ್‌ನ ಹೆಂಡತಿ ಮೇರಿ ಫೀಲ್ಡಿಂಗ್ ಮಕ್ಕಳನ್ನು ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಪಶ್ಚಿಮಕ್ಕೆ ಹೊರಟು 1848ರಲ್ಲಿ ಯೂಟಾದ ಸಾಲ್ಟ್ ಲೇಕ್ ಕಣಿವೆ ಸೇರಿದಳು. ಜೋಸೆಫ್‌ನ ಹೆಂಡತಿ ಎಮ್ಮಾ ನಾವೂದಲ್ಲೇ ಉಳಿದಳು. ಅತ್ತೆ ಲೂಸಿಯೂ ಪಶ್ಚಿಮಕ್ಕೆ ಹೋಗಲಿಲ್ಲ, 1856ರಲ್ಲಿ ನಾವೂದಲ್ಲೇ ತೀರಿಕೊಂಡಳು. ಎಮ್ಮಾಳ ಮಗ 1860ರಲ್ಲಿ ಬೇರೆ ಚರ್ಚಿನ ಮುಖ್ಯಸ್ಥನಾದ. ಒಡಕಿಗೆ ದೊಡ್ಡ ಕಾರಣ ಬಹುಪತ್ನಿತ್ವ. ಯೂಟಾದವರು 1852ರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು, 1890ರಲ್ಲಿ ನಿಲ್ಲಿಸುವುದಾಗಿ ಘೋಷಿಸಿದರು. ಹೈರಮ್‌ನ ಮಗ ಜೋಸೆಫ್ ಎಫ್. ಸ್ಮಿತ್‌ಗೆ ಸಾಕುಮಕ್ಕಳೂ ಸೇರಿ 48 ಮಕ್ಕಳು. ಅಂಥ ಮನೆಯಲ್ಲಿ ಒಬ್ಬೊಬ್ಬ ತಾಯಿಗೂ ಬೇರೆ ಹಾಳೆ ಇರುತ್ತದೆ. ಕೆಲವು ಕುಟುಂಬಗಳು ಈ ಭಾಗವನ್ನು ಮೆಲ್ಲಗೆ ದಾಟಿಬಿಡುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ. ಎರಡನೇ, ಮೂರನೇ ಹೆಂಡತಿಯಾಗಿ ಬದುಕಿದ ಆ ಅಜ್ಜಿಯರಿಗೂ ಮೊಮ್ಮಕ್ಕಳಿದ್ದಾರೆ, ಅವರ ಹಾಳೆಯೂ ಮೇಜಿನ ಮೇಲೇ ಇರಬೇಕು.

ಈ ಜೋಸೆಫ್ ಎಫ್. ಅಪ್ಪನನ್ನು ಕಳೆದುಕೊಂಡಾಗ ಐದು ವರ್ಷದ ಹುಡುಗ. ಮುಂದೆ ಚರ್ಚಿನ ಅಧ್ಯಕ್ಷನಾದ. 1918ರ ಜನವರಿಯಲ್ಲಿ ಅವನ ಮಗ ಹೈರಮ್ ತೀರಿಕೊಂಡ, ಸೆಪ್ಟೆಂಬರ್‌ನಲ್ಲಿ ಸೊಸೆಯೂ ಹೋದಳು. ಅಕ್ಟೋಬರ್ 3ರಂದು ಸತ್ತವರ ಲೋಕದ ದರ್ಶನವಾಯಿತು, ಅಲ್ಲಿ ತನ್ನ ಅಪ್ಪನನ್ನೂ ಕಂಡೆ ಎಂದು ಅವನು ಹೇಳಿದ. ಮರುತಿಂಗಳೇ ಅವನೂ ಹೊರಟುಹೋದ. ಅಜ್ಜಿಯಿಂದ ಮೊಮ್ಮಗನವರೆಗೆ ಇಡೀ ಮನೆತನ ಕೇಳಿಕೊಂಡಿದ್ದು ಒಂದೇ ಪ್ರಶ್ನೆ: ನಮ್ಮವರು ಎಲ್ಲಿದ್ದಾರೆ?

ಈಗ ನೀವು ನೋಡಿದ ಹಾಳೆಗೆ ಬರೋಣ. 1894ರಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಎಲ್ಲರಿಗೂ ಹೇಳಿದ: ನಿಮ್ಮ ಸ್ವಂತ ತಂದೆ ತಾಯಿಗೇ ನಿಮ್ಮನ್ನು ಸೇರಿಸಿಕೊಳ್ಳಿ, ಹಾಗೇ ಎಷ್ಟು ಹಿಂದೆ ಹೋಗಲು ಆಗುತ್ತದೋ ಅಷ್ಟು ಹೋಗಿ. ಅದೇ ವರ್ಷ ವಂಶಾವಳಿ ಹುಡುಕಲು ಒಂದು ಸೊಸೈಟಿ ಹುಟ್ಟಿತು. 1938ರಿಂದ ಊರೂರಿನ ಚರ್ಚ್, ಕೋರ್ಟ್, ಜನನ ಮರಣದ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿದರು. ಸಾಲ್ಟ್ ಲೇಕ್ ಸಿಟಿ ಹತ್ತಿರ ಗ್ರಾನೈಟ್ ಬೆಟ್ಟ ಕೊರೆದು ಅವನ್ನು ಇಟ್ಟಿದ್ದಾರೆ. ಸುಮಾರು 24 ಲಕ್ಷ ರೀಲುಗಳು. 2021ರಲ್ಲಿ ಅವುಗಳ ಡಿಜಿಟಲ್ ಕೆಲಸ ಮುಗಿಯಿತು. 1999ರಲ್ಲಿ ಶುರುವಾದ ಫ್ಯಾಮಿಲಿಸರ್ಚ್ ವೆಬ್‌ಸೈಟ್ ಯಾವ ಧರ್ಮದವರಿಗಾದರೂ ಉಚಿತ. ಹರಿದ್ವಾರದ ಪಂಡಾ ಪುರೋಹಿತರು ಬರೆದಿಟ್ಟ ಯಾತ್ರಿಕರ ವಂಶಾವಳಿಗಳನ್ನೂ ಅವರು ಫಿಲ್ಮ್ ಮಾಡಿದ್ದಾರೆ. ಎತ್ತಿನ ಮೇಲೆ ಊರಿಗೆ ಬಂದು ಮನೆತನದ ಹೆಸರುಗಳನ್ನು ಹೇಳುತ್ತಿದ್ದ ನಮ್ಮ ಹೆಳವರನ್ನು ನೋಡಿದವರಿಗೆ ಈ ಕೆಲಸ ಅಷ್ಟೇನೂ ಹೊಸದು ಅನ್ನಿಸುವುದಿಲ್ಲ.

ಹೆಸರು ಕೊಡಬಹುದಾ? ಇದನ್ನು ಸುಮ್ನೆ ಹೌದು ಅಂತ ಹೇಳಿಬಿಡಲು ಆಗುವುದಿಲ್ಲ. ಹಿಂದೆ ಕೆಲವರು ತಮ್ಮ ಸಂಬಂಧಿಕರಲ್ಲದವರ ಹೆಸರಲ್ಲೂ ದೀಕ್ಷಾಸ್ನಾನ ಮಾಡಿಸಿದ್ದರು. ನಾಜಿಗಳ ಕೈಲಿ ಸತ್ತ ಯಹೂದಿಗಳ ಹೆಸರೂ ಅದರಲ್ಲಿದ್ದವು. ಯಹೂದಿ ಸಂಘಟನೆಗಳು ನೊಂದು ಪ್ರತಿಭಟಿಸಿದವು. 1995ರಲ್ಲಿ ಅದನ್ನು ನಿಲ್ಲಿಸುವ ಒಪ್ಪಂದವಾಯಿತು, ಆಮೇಲೂ ಕೆಲವು ಬಾರಿ ಅದು ಮುರಿಯಿತು. ಆ ನೋವು ನ್ಯಾಯವಾದದ್ದೇ. ಈಗಿನ ನಿಯಮದಂತೆ ಅವರು ತಮ್ಮ ಹಿರಿಯರ ಹೆಸರನ್ನೇ ಕೊಡಬೇಕು. ಕಳೆದ 110 ವರ್ಷದೊಳಗೆ ಹುಟ್ಟಿದವರಾದರೆ ಬದುಕಿರುವ ಹತ್ತಿರದ ಸಂಬಂಧಿಯ ಒಪ್ಪಿಗೆ ಬೇಕು. ಸತ್ತವರು ಇದನ್ನು ಒಪ್ಪಬಹುದು, ಬೇಡ ಅನ್ನಲೂಬಹುದು ಎಂಬುದು ಅವರ ನಂಬಿಕೆ. ಆ ಹೆಸರುಗಳನ್ನು ಸದಸ್ಯರ ಪಟ್ಟಿಗೆ ಸೇರಿಸುವುದಿಲ್ಲ. ನಿಮಗೆ ಇಷ್ಟವಿಲ್ಲದಿದ್ದರೆ ಪಕ್ಕದ ಮನೆಯವರಿಗೆ ನೇರವಾಗಿ ಹೇಳಿ, ಖಂಡಿತ ಬೇಜಾರು ಮಾಡಿಕೊಳ್ಳುವುದಿಲ್ಲ. ವೆಬ್‌ಸೈಟಿನಲ್ಲಿ ಹಾಕುವುದಾದರೆ ಇದು ನೆನಪಿರಲಿ: ಬದುಕಿರುವವರ ವಿವರ ಬೇರೆಯವರಿಗೆ ಕಾಣುವುದಿಲ್ಲ, ತೀರಿಕೊಂಡವರದ್ದು ಎಲ್ಲರಿಗೂ ಕಾಣುತ್ತದೆ.

ಬೆಂಗಳೂರಿನಲ್ಲಿ ತಮ್ಮ ದೇವಾಲಯ ಕಟ್ಟುವುದಾಗಿ ಅವರು 2018ರಲ್ಲಿ ಘೋಷಿಸಿದ್ದಾರೆ. ಹಾಗಾಗಿ ಇನ್ನು ಮುಂದೆ ಈ ಪ್ರಶ್ನೆ ನಮ್ಮೂರಲ್ಲೂ ಕೇಳಿಬರಬಹುದು. ಅಂದ ಹಾಗೆ, ಮಾರ್ಮನ್ ಅನ್ನುವುದಕ್ಕಿಂತ ಚರ್ಚಿನ ಪೂರ್ತಿ ಹೆಸರು ಹೇಳಿದರೆ ಅವರಿಗೆ ಹೆಚ್ಚು ಇಷ್ಟ: ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್.

ನಿಮ್ಮ ಅಜ್ಜಿಯ ಹಾಳೆಗೆ ಯಾವ ವೆಬ್‌ಸೈಟೂ ಬೇಕಿಲ್ಲ. ನೋಟ್‌ಬುಕ್ ಸಾಕು. ಮೇಲೆ ಅಜ್ಜ, ಅಜ್ಜಿ, ಅಜ್ಜಿಯ ತವರೂರು. ಕೆಳಗೆ ಮಕ್ಕಳು ಹುಟ್ಟಿದ ಕ್ರಮದಲ್ಲಿ. ತಾರೀಕು ಗೊತ್ತಿಲ್ಲದಿದ್ದರೆ ಇಂಥ ಹಬ್ಬದ ಹಿಂದೆ ಮುಂದೆ, ಇಂಥ ಬರಗಾಲದ ವರ್ಷ ಅಂತಲೇ ಬರೆಯಿರಿ. ಮನೆಯಲ್ಲಿ ಇರುವವರಲ್ಲೇ ಹಿರಿಯರಾದ ಅತ್ತೆಗೋ ದೊಡ್ಡಮ್ಮನಿಗೋ ಈ ವಾರವೇ ಫೋನ್ ಮಾಡಿ. ಎಷ್ಟು ಜನ ಅಂತ ಕೇಳಿದರೆ ಬದುಕಿ ಉಳಿದವರನ್ನಷ್ಟೇ ಎಣಿಸುತ್ತಾರೆ. ಅಜ್ಜಿ ಎಷ್ಟು ಸಲ ಬಾಣಂತಿಯಾಗಿದ್ದರು ಅಂತ ಕೇಳಿ. ಹೆಸರಿಡುವ ಮೊದಲೇ ಹೋದ ಮಗು ಇದ್ದರೆ ಅದಕ್ಕೂ ಒಂದು ಸಾಲು ಬಿಡಿ. ಲೂಸಿಯ ಹಾಳೆಯಲ್ಲಿ ಮೊದಲ ಸಾಲು ಹಾಗೇ ಇದೆ.