ಒಂದು ಆ್ಯಕ್ಷನ್, ಹಲವು ಸ್ಲಾಟ್: ಹೊಸ ಬ್ಲೆಂಡರ್‌ನಲ್ಲಿ ಅನಿಮೇಟರ್‌ಗೆ ಸಿಕ್ಕಿದ್ದೇನು?

3ಡಿ ಅನಿಮೇಷನ್ ತಂತ್ರಾಂಶ ಬ್ಲೆಂಡರ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಮೊದಲು ಕಣ್ಣಿಗೆ ಬೀಳುವುದು ರೆಂಡರ್ ಡೆಮೊಗಳು. ಹೊಳೆಯುವ ನೀರು, ಮಂಜಿನೊಳಗೆ ತೂರಿ ಬರುವ ಬೆಳಕು, ಎಳೆ ಎಳೆಯಾಗಿ ಕಾಣುವ ತುಪ್ಪಳ. ನೋಡಲು ಚೆಂದವೇ. ಆದರೆ ದಿನವಿಡೀ ಟೈಮ್‌ಲೈನ್ ಮುಂದೆ ಕೂತು ಪಾತ್ರಗಳ ಕೈಕಾಲು ಆಡಿಸುವವರಿಗೆ ಅದರಿಂದ ಆಗುವ ಉಪಯೋಗ ಕಡಿಮೆ. ನಮ್ಮ ಕೆಲಸಕ್ಕೆ ನೇರವಾಗಿ ತಾಗುವ ಬದಲಾವಣೆ ಬಂದದ್ದು 2025ರ ಮಾರ್ಚ್‌ನಲ್ಲಿ, ಆವೃತ್ತಿ 4.4ರ ಜೊತೆ. ಹೆಸರು ಸ್ಲಾಟೆಡ್ ಆ್ಯಕ್ಷನ್. ಡೆಮೊ ಮಾಡಿ ತೋರಿಸೋಣ ಅಂದರೆ ಅದರಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ!

ಬ್ಲೆಂಡರ್‌ನಲ್ಲಿ ನಾವು ಹಾಕುವ ಕೀಫ್ರೇಮ್‌ಗಳೆಲ್ಲ (ಯಾವ ಕ್ಷಣದಲ್ಲಿ ಯಾವುದು ಎಲ್ಲಿ, ಹೇಗಿರಬೇಕು ಎಂಬ ಗುರುತುಗಳು) ಆ್ಯಕ್ಷನ್ ಎಂಬುದರೊಳಗೆ ಕೂರುತ್ತವೆ. 4.3ರ ತನಕ ಒಂದು ಆ್ಯಕ್ಷನ್‌ನಲ್ಲಿ ಒಂದೇ ಒಂದು ಡೇಟಾದ ಅನಿಮೇಷನ್ ಇರಬಹುದಿತ್ತು. ಕ್ಯಾಮೆರಾವನ್ನೇ ತೆಗೆದುಕೊಳ್ಳಿ. ಅದು ಎಲ್ಲಿದೆ, ಯಾವ ಕಡೆ ತಿರುಗಿದೆ ಎನ್ನುವುದು ಆಬ್ಜೆಕ್ಟ್‌ನ ಲೆಕ್ಕ. ಜೂಮ್ ಅನ್ನು ನಿರ್ಧರಿಸುವ ಫೋಕಲ್ ಲೆಂತ್ ಮಾತ್ರ ಕ್ಯಾಮೆರಾ ಡೇಟಾದ ಲೆಕ್ಕ. ಹಾಗಾಗಿ ಮುಂದೆ ಸರಿಯುತ್ತಾ ಜೂಮ್ ಬದಲಿಸುವ ಒಂದು ಸಣ್ಣ ಶಾಟ್‌ಗೂ ಎರಡು ಆ್ಯಕ್ಷನ್ ಹುಟ್ಟಿಕೊಳ್ಳುತ್ತಿದ್ದವು.

ಪಾತ್ರ ಅಂದಮೇಲೆ ಇನ್ನೂ ಗೋಜಲು. ಮೈ ಆಡಿಸುವ ರಿಗ್‌ಗೆ, ಅಂದರೆ ಪಾತ್ರದೊಳಗಿನ ಎಲುಬುಗೂಡಿಗೆ, ಒಂದು ಆ್ಯಕ್ಷನ್. ಮುಖದ ಆಕಾರ ಬದಲಿಸುವ ಶೇಪ್ ಕೀಗಳಿಗೆ ಇನ್ನೊಂದು. ನಾಚಿದಾಗ ಕೆನ್ನೆ ಕೆಂಪಾಗಬೇಕಾ? ಮೇಲ್ಮೈಯ ಬಣ್ಣ ನಿರ್ಧರಿಸುವ ಮೆಟೀರಿಯಲ್‌ನ ನೋಡ್‌ಗಳಿಗೆ ಮತ್ತೊಂದು. ಇವು ಮೂರೂ ಸೇರಿದರೇನೇ ಒಂದು ಅಭಿನಯ. ಆದರೆ ಫೈಲ್‌ನೊಳಗೆ ಇವಕ್ಕೆ ಪರಸ್ಪರ ಸಂಬಂಧವೇ ಇರಲಿಲ್ಲ. ಬ್ಲೆಂಡರ್ ತಾನಾಗಿಯೇ ಇಟ್ಟ ‘ಕೀಆ್ಯಕ್ಷನ್.003’ ತರಹದ ಹೆಸರುಗಳನ್ನು ನೋಡಿ, ಯಾವುದು ಯಾರದ್ದು ಅಂತ ನಾವೇ ಊಹಿಸಬೇಕಿತ್ತು. ‘ನಗು’ ಎಂಬ ಅಭಿನಯವನ್ನು ಬೇರೆ ಶಾಟ್‌ಗೆ ತರುವಾಗ ಮೈ ಬಂದು ಮುಖ ಹಿಂದೆಯೇ ಉಳಿದುಬಿಡುವುದು ಮಾಮೂಲಿ ಪಜೀತಿ. ಯಾರೂ ಬಳಸದ ಡೇಟಾವನ್ನು ಫೈಲ್ ಸೇವ್ ಮಾಡುವಾಗ ಬ್ಲೆಂಡರ್ ಕೈಬಿಡುತ್ತದೆ ಬೇರೆ. ‘ಬಳಕೆಯಲ್ಲಿಲ್ಲದಿದ್ದರೂ ಉಳಿಸಿಕೋ’ ಎನ್ನುವ ಫೇಕ್ ಯೂಸರ್ ಗುರುತು ಹಾಕದೆ ಬಿಟ್ಟ ಮುಖದ ಆ್ಯಕ್ಷನ್ ಮಾರನೇ ದಿನ ಹುಡುಕಿದರೂ ಸಿಗದು.

4.4ರಲ್ಲಿ ಆ್ಯಕ್ಷನ್ ಎಂದರೆ ಖಾನೆಗಳಿರುವ ಡಬ್ಬಿ. ಒಂದೊಂದು ಖಾನೆಯೂ ಒಂದೊಂದು ಸ್ಲಾಟ್. ರಿಗ್‌ನ ಅನಿಮೇಷನ್ ಒಂದು ಸ್ಲಾಟ್‌ನಲ್ಲಿ, ಶೇಪ್ ಕೀಗಳದ್ದು ಇನ್ನೊಂದರಲ್ಲಿ, ಮೆಟೀರಿಯಲ್‌ನದ್ದು ಮತ್ತೊಂದರಲ್ಲಿ. ಹೊರಗಿನಿಂದ ನೋಡಿದರೆ ‘ನಗು’ ಎಂಬ ಒಂದೇ ಆ್ಯಕ್ಷನ್. ನೀವು ಕ್ಯಾಮೆರಾದ ಜಾಗಕ್ಕೆ ಕೀ ಹಾಕಿ, ಆಮೇಲೆ ಅದರ ಲೆನ್ಸ್‌ಗೆ ಕೀ ಹಾಕಿದರೆ, ಎರಡನ್ನೂ ಬ್ಲೆಂಡರ್ ತಾನೇ ಒಂದೇ ಆ್ಯಕ್ಷನ್‌ಗೆ ಸೇರಿಸುತ್ತದೆ. ಒಬ್ಬರನ್ನೊಬ್ಬರು ತಳ್ಳಾಡುವ ಎರಡು ಪಾತ್ರಗಳಿದ್ದರೆ ಆ ಎರಡನ್ನೂ ಬೇಕಾದರೆ ಒಂದೇ ಆ್ಯಕ್ಷನ್‌ನಲ್ಲಿಡಬಹುದು. ಈಗಾಗಲೇ ಚೆದುರಿ ಹೋಗಿದ್ದರೆ ಮರ್ಜ್ ಅನಿಮೇಷನ್ ಎಂಬ ಆಜ್ಞೆ ಇದೆ. ಆಯ್ಕೆ ಮಾಡಿದ ಆಬ್ಜೆಕ್ಟ್‌ಗಳ ಅನಿಮೇಷನ್ ಎಲ್ಲವನ್ನೂ ಅದು ಆ್ಯಕ್ಟಿವ್ ಆಬ್ಜೆಕ್ಟ್‌ನ ಆ್ಯಕ್ಷನ್‌ಗೆ ತಂದು ಸೇರಿಸುತ್ತದೆ. ಬೇರೆ ಮಾಡಲು ಸೆಪರೇಟ್ ಸ್ಲಾಟ್ಸ್ ಇದೆ.

ಹೊಸದಾಗಿ ಬಂದವರು ಎಡವುವ ಜಾಗ ಒಂದಿದೆ. ಆ್ಯಕ್ಷನ್ ಆಯ್ಕೆ ಮಾಡಿದ್ದೀರಿ, ಪ್ಲೇ ಒತ್ತಿದ್ದೀರಿ, ಪಾತ್ರ ಕಂಬದ ಹಾಗೆ ನಿಂತಿದೆ. ಫೈಲ್ ಕೆಟ್ಟಿಲ್ಲ, ರಿಗ್ಗೂ ಕೆಟ್ಟಿಲ್ಲ. ಸ್ಲಾಟ್ ಆಯ್ಕೆ ಆಗಿಲ್ಲ, ಅಷ್ಟೇ. ಹೊಂದುವ ಹೆಸರಿನ ಸ್ಲಾಟ್ ಕಂಡರೆ ಬ್ಲೆಂಡರ್ ತಾನೇ ಜೋಡಿಸಿಕೊಳ್ಳಲು ನೋಡುತ್ತದೆ. ಹೆಸರು ಹೊಂದದಿದ್ದರೆ ಆ್ಯಕ್ಷನ್ ಪೆಟ್ಟಿಗೆಯ ಪಕ್ಕದ ಸ್ಲಾಟ್ ಪೆಟ್ಟಿಗೆಯಲ್ಲಿ ನಾವು ಕೈಯಾರೆ ಆರಿಸಬೇಕಾಗಬಹುದು. ಅದಕ್ಕೇ ರಿಗ್‌ಗಳಿಗೆ ಎಲ್ಲ ಶಾಟ್‌ಗಳಲ್ಲೂ ಒಂದೇ ಹೆಸರಿಡಿ ಎಂದು ತಂಡದವರಿಗೆ ಹೇಳುತ್ತಿರುತ್ತೇನೆ. ಮೊದಲು ಇದು ಅಚ್ಚುಕಟ್ಟಿನ ವಿಷಯವಾಗಿತ್ತು, ಈಗ ಕೆಲಸ ನಡೆಯುವುದೇ ಅದರ ಮೇಲೆ.

ಆ್ಯಕ್ಷನ್‌ಗಳನ್ನು ಸ್ಟ್ರಿಪ್‌ಗಳಾಗಿ ಸಾಲಾಗಿಯೂ ಒಂದರ ಮೇಲೊಂದಾಗಿಯೂ ಜೋಡಿಸುವ ಎನ್‌ಎಲ್‌ಎ ಎಡಿಟರ್ ಬಳಸುವವರಿಗೂ ಒಂದು ಮಾತು. ಅಲ್ಲಿ ಒಂದು ಸ್ಟ್ರಿಪ್ ಒಂದೇ ಸ್ಲಾಟ್ ಅನ್ನು ಆಡಿಸುತ್ತದೆ. ಮೈಗೊಂದು, ಮುಖಕ್ಕೊಂದು ಸ್ಟ್ರಿಪ್ ಇಡುವ ಕಾಟ ತಪ್ಪಿಲ್ಲ. ನನಗೆ ಬೇಸರ ಇರುವುದು ಇಲ್ಲೇ. ಹೊಸ ಆ್ಯಕ್ಷನ್‌ನ ಒಳರಚನೆಯಲ್ಲಿ, ಒಂದು ಚಲನೆಯ ಮೇಲೆ ಇನ್ನೊಂದನ್ನು ಹೊದಿಸುವ ಲೇಯರ್‌ಗಳಿಗೂ ಜಾಗ ಮಾಡಿಟ್ಟಿದ್ದಾರೆ. ಆದರೆ 4.4ರಲ್ಲಿ ಒಂದು ಆ್ಯಕ್ಷನ್‌ಗೆ ಒಂದೇ ಲೇಯರ್. ನಡಿಗೆಯ ಮೇಲೆ ಕುಂಟು ಸೇರಿಸಲು ಮತ್ತೆ ಎನ್‌ಎಲ್‌ಎಗೇ ಹೋಗಬೇಕು. ಅಡಿಪಾಯ ಗಟ್ಟಿಯಾಗಿದೆ, ಮನೆ ಇನ್ನೂ ಎದ್ದಿಲ್ಲ.

ಹಳೆಯ ಫೈಲ್‌ಗಳನ್ನು ತೆರೆದರೆ ಏನಾಗುತ್ತದೆ? ಹೆದರಬೇಡಿ. ಹಳೆಯ ಆ್ಯಕ್ಷನ್‌ಗಳು ತಾವಾಗಿಯೇ ಬದಲಾಗಿ, ಅವುಗಳೊಳಗೆ ‘ಲೆಗಸಿ ಸ್ಲಾಟ್’ ಎಂಬ ಒಂದು ಸ್ಲಾಟ್ ಕಾಣಿಸುತ್ತದೆ. ತೊಂದರೆ ಇರುವುದು ಹಿಂದಕ್ಕೆ ಹೋಗುವಾಗ. ಹಲವು ಸ್ಲಾಟ್ ಇರುವ ಆ್ಯಕ್ಷನ್ ಅನ್ನು 4.4ರಲ್ಲಿ ಸೇವ್ ಮಾಡಿ 4.3ರಲ್ಲಿ ತೆರೆದರೆ ಮೊದಲ ಸ್ಲಾಟ್‌ನ ಅನಿಮೇಷನ್ ಮಾತ್ರ ಸಿಗುತ್ತದೆ. ತಂಡದಲ್ಲಿ ಅರ್ಧ ಜನ ಹೊಸದರಲ್ಲಿ, ಅರ್ಧ ಜನ ಹಳೆಯದರಲ್ಲಿ ಇದ್ದರೆ ಮುಖಗಳೆಲ್ಲ ಮಾಯ! ಪೈಥಾನ್ ಸ್ಕ್ರಿಪ್ಟ್‌ಗಳದ್ದೂ ಇದೇ ಕತೆ. ಆ್ಯಕ್ಷನ್‌ನಿಂದ ನೇರವಾಗಿ ಚಲನೆಯ ಕರ್ವ್‌ಗಳನ್ನು ಎತ್ತಿಕೊಳ್ಳುವ ಹಳೆಯ ದಾರಿ 4.4ರಲ್ಲಿ ಮೊದಲ ಸ್ಲಾಟ್‌ಗೆ ಮಾತ್ರ ನಡೆಯುತ್ತಿತ್ತು. 2025ರ ನವೆಂಬರ್‌ನಲ್ಲಿ ಬಂದ 5.0ರಲ್ಲಿ ಆ ದಾರಿಯನ್ನೇ ಮುಚ್ಚಿದ್ದಾರೆ. ಸ್ಟುಡಿಯೊದಲ್ಲಿ ಯಾರೋ ಬರೆದಿಟ್ಟು ಹೋದ ಎಕ್ಸ್‌ಪೋರ್ಟ್ ಸ್ಕ್ರಿಪ್ಟ್ ಇದ್ದರೆ ಮೊದಲು ಅದನ್ನು ಪರೀಕ್ಷಿಸಿ.

3.6ರಿಂದ ನೇರವಾಗಿ ಹೊಸದಕ್ಕೆ ಜಿಗಿಯುವವರಿಗೆ ಇನ್ನೊಂದಿಷ್ಟು ಬದಲಾವಣೆಗಳು ಎದುರಾಗುತ್ತವೆ. ರಿಗ್‌ನ ಎಲುಬುಗಳನ್ನು ಗುಂಪು ಮಾಡಲು ಇದ್ದ, ಹೆಸರೇ ಇಲ್ಲದ ಆ 32 ಬೋನ್ ಲೇಯರ್‌ಗಳು 4.0ರಲ್ಲಿ ಹೋದವು. ಬದಲಿಗೆ ಹೆಸರಿರುವ ಬೋನ್ ಕಲೆಕ್ಷನ್‌ಗಳು ಬಂದವು. ‘ಬೆರಳುಗಳು ಯಾವ ಚೌಕದಲ್ಲಿದ್ದವು?’ ಅಂತ ಹುಡುಕುವುದು ತಪ್ಪಿತು, ಅಲ್ವಾ? 4.1ರಿಂದ ಒಂದು ಕಲೆಕ್ಷನ್‌ನೊಳಗೆ ಇನ್ನೊಂದನ್ನು ಇಡಲೂಬಹುದು. ಅದೇ 4.1ರಲ್ಲಿ ‘ಐ’ ಕೀಲಿಯ ಸ್ವಭಾವವೂ ಬದಲಾಯಿತು. ಮೊದಲು ಅದನ್ನು ಒತ್ತಿದರೆ ಮೆನು ಬರುತ್ತಿತ್ತು, ಈಗ ಸೀದಾ ಕೀ ಬೀಳುತ್ತದೆ. ಯಾವ ಚಾನೆಲ್‌ಗಳಿಗೆ (ಜಾಗ, ತಿರುವು, ಗಾತ್ರ) ಬೀಳಬೇಕು ಎಂಬುದನ್ನು ಪ್ರಿಫರೆನ್ಸಸ್‌ನಲ್ಲಿ ಗೊತ್ತು ಮಾಡಬಹುದು. ಹಳೆಯ ಮೆನು ಬೇಕಿದ್ದರೆ ‘ಕೆ’ ಒತ್ತಿ. 2ಡಿ ಕೆಲಸ ಮಾಡುವವರಿಗೆ 4.3ರಲ್ಲಿ, ಗೆರೆ ಬಿಡಿಸುವ ಸಾಧನ ಗ್ರೀಸ್ ಪೆನ್ಸಿಲ್ ಅನ್ನು ಬುಡದಿಂದ ಹೊಸದಾಗಿ ಬರೆದು ಕೊಟ್ಟರು. ಲೇಯರ್‌ಗಳನ್ನು ಗುಂಪು ಮಾಡಬಹುದು, ಗೆರೆಗಳ ಮೇಲೆ, ಆಕಾರಗಳನ್ನು ನಿಯಮಗಳಿಂದ ಬದಲಿಸುವ ಜಿಯೊಮೆಟ್ರಿ ನೋಡ್‌ಗಳನ್ನೂ ಹಾಕಬಹುದು. ಅದರ ಬಗ್ಗೆ ಬರೆಯಲು ಕೂತರೆ ಇನ್ನೊಂದು ಅಂಕಣವೇ ಬೇಕು.

ಹಾಗಾದರೆ ಯಾವ ಆವೃತ್ತಿ ಹಾಕಿಕೊಳ್ಳಬೇಕು? ಅರ್ಧ ನಡೆದಿರುವ ಪ್ರಾಜೆಕ್ಟ್ ಇದ್ದರೆ ಯಾವುದೂ ಬೇಡ, ಈಗಿರುವುದರಲ್ಲೇ ಮುಗಿಸಿ. ಹೊಸದಾಗಿ ಶುರು ಮಾಡುವವರಿಗೆ ನನ್ನ ಆಯ್ಕೆ 4.5. 2025ರ ಜುಲೈನಲ್ಲಿ ಬಂದ, ದೀರ್ಘಕಾಲ ಬೆಂಬಲ ಸಿಗುವ ಎಲ್‌ಟಿಎಸ್ ಆವೃತ್ತಿ ಅದು, ಎರಡು ವರ್ಷ ದೋಷ ತಿದ್ದುಪಡಿ ಸಿಗುತ್ತಿರುತ್ತದೆ. ಸ್ಲಾಟ್‌ಗಳೂ ಅದರಲ್ಲಿವೆ, ಹಳೆಯ ಸ್ಕ್ರಿಪ್ಟ್‌ಗಳಿಗೂ ಇನ್ನೂ ಜಾಗವಿದೆ. 5.0ರಲ್ಲಿ ಸೇವ್ ಮಾಡಿದ ಫೈಲ್ 4.5ಕ್ಕಿಂತ ಹಳೆಯ ಬ್ಲೆಂಡರ್‌ನಲ್ಲಿ ತೆರೆಯುವುದೇ ಇಲ್ಲ. ಆದ್ದರಿಂದ ಜೊತೆಗೆ ಕೆಲಸ ಮಾಡುವವರ ಬಳಿ ಏನಿದೆ ಎಂದು ಮೊದಲೇ ಕೇಳಿಕೊಳ್ಳಿ. ಇಂಟೆಲ್ ಚಿಪ್‌ನ ಮ್ಯಾಕ್ ಇಟ್ಟುಕೊಂಡವರಿಗೆ ಈ ಯೋಚನೆಯೇ ಬೇಕಿಲ್ಲ. ಅವರಿಗೆ 5.0 ಸಿಗುವುದಿಲ್ಲ, 4.5ರಲ್ಲೇ ಇರಬೇಕು.