ಇಷ್ಟು ದೊಡ್ಡ ಗನ್ ಹಾಕಿದರೂ ನನ್ನ ಮೆಕ್ ಮೊದಲು ಸಾಯುವುದೇಕೆ?

ಪ್ರಶ್ನೆ: ಮೆಕ್ ಅನ್ನುವ ದೈತ್ಯ ಯುದ್ಧ ರೋಬೋಟ್‌ಗಳನ್ನು ಓಡಿಸಿ ಕಾದಾಡುವ ಮೆಕ್‌ವಾರಿಯರ್ ಆನ್‌ಲೈನ್ ಆಟ ಆಡಲು ಶುರು ಮಾಡಿ ಎರಡು ತಿಂಗಳಾಯಿತು. ನನ್ನದು 50 ಟನ್ನಿನ ಇನ್ನರ್ ಸ್ಫಿಯರ್ ಮೆಕ್ (ಆಟದ ಎರಡು ಬಣಗಳಲ್ಲಿ ಒಂದು, ಇನ್ನೊಂದು ಕ್ಲಾನ್). ಆರ್ಮರ್ (ಮೈಮೇಲಿನ ಕವಚ) ಸ್ವಲ್ಪ ಇಳಿಸಿ, ಹಗುರವಾದ ಎಕ್ಸ್ಎಲ್ ಎಂಜಿನ್ ಹಾಕಿ, ಉಳಿದ ತೂಕಕ್ಕೆಲ್ಲ ಗನ್ ತುಂಬಿದ್ದೇನೆ. ಆದರೂ ನಮ್ಮ ಕಡೆಯ ಹನ್ನೆರಡು ಜನರಲ್ಲಿ ಮೊದಲು ಉರುಳುವುದು ನಾನೇ. ಏನು ಬದಲಾಯಿಸಲಿ?

ಉತ್ತರ: ಕೇಳಿದ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಮೆಕ್‌ಗೆ ಗನ್, ಎಂಜಿನ್ ಜೋಡಿಸುವ ಮೆಕ್‌ಲ್ಯಾಬ್‌ಗೆ ಹೊಸದಾಗಿ ಕಾಲಿಟ್ಟವರ ಬಿಲ್ಡ್‌ಗಳೆಲ್ಲ, ಅಂದರೆ ಜೋಡಣೆಗಳೆಲ್ಲ, ಹಾಗೇ ಇರುತ್ತವೆ. ನನ್ನದೂ ಹಾಗೇ ಇತ್ತು. ಸಿಕ್ಕ ಜಾಗಕ್ಕೆಲ್ಲ ಲೇಸರ್ ಜೋಡಿಸಿಕೊಂಡು ಹೋಗಿ, ಎರಡನೇ ಸುತ್ತು ಹಾರಿಸುವ ಮೊದಲೇ ನೆಲಕ್ಕೆ ಬಿದ್ದು, ಉಳಿದ ಹತ್ತು ನಿಮಿಷ ಬೇರೆಯವರ ಆಟ ನೋಡುತ್ತ ಕೂತ ಪಂದ್ಯಗಳಿಗೆ ಲೆಕ್ಕವಿಲ್ಲ.

ಮೊದಲು ತಲೆಯಿಂದ ತೆಗೆಯಬೇಕಾದದ್ದು ‘ನನ್ನ ಮೆಕ್‌ಗೆ ಒಂದು ಜೀವ’ ಅನ್ನುವ ಲೆಕ್ಕ. ಈ ಆಟದಲ್ಲಿ ಮೆಕ್‌ನ ದೇಹ ಎಂಟು ಭಾಗ: ತಲೆ, ನಡು ಎದೆ, ಎಡಪಕ್ಕೆ, ಬಲಪಕ್ಕೆ, ಎರಡು ಕೈ, ಎರಡು ಕಾಲು. ಎದೆಗೂ ಎರಡು ಪಕ್ಕೆಗಳಿಗೂ ಬೆನ್ನ ಕಡೆ ಬೇರೆ ಆರ್ಮರ್ ಇರುತ್ತದೆ. ತಲೆ ಅಥವಾ ನಡು ಎದೆ ಹೋದರೆ ಆಟ ಮುಗಿಯಿತು. ಒಂದು ಕಾಲು ಹೋದರೆ ಕುಂಟುತ್ತೀರಿ, ಎರಡೂ ಹೋದರೆ ಸತ್ತಿರಿ. ಪಕ್ಕೆ ಹೋದರೆ ಆ ಬದಿಯ ಕೈಯೂ ಅದರ ಜೊತೆಗೇ ಕಳಚಿ ಬೀಳುತ್ತದೆ. ಆಗಲೇ ಹೋಗಿರುವ ಭಾಗಕ್ಕೆ ಮತ್ತೆ ಏಟು ಬಿದ್ದರೆ ಅದರಲ್ಲೊಂದು ಪಾಲು ಒಳಕ್ಕೆ, ಅಂದರೆ ಕೈಯಿಂದ ಪಕ್ಕೆಗೆ, ಪಕ್ಕೆಯಿಂದ ಎದೆಗೆ ದಾಟುತ್ತದೆ. ಆದ್ದರಿಂದ ಬಹಳ ಹೊತ್ತು ಬದುಕುವ ಆಟಗಾರ ಒಟ್ಟು ಆರ್ಮರ್ ಎಷ್ಟು ಅಂತ ಮಾತ್ರ ನೋಡುವುದಿಲ್ಲ. ಯಾವ ಭಾಗ ಮೊದಲು ಹೋದರೆ ನನಗೆ ನಷ್ಟ ಕಡಿಮೆ ಅಂತ ಮೊದಲೇ ನಿಶ್ಚಯಿಸಿಕೊಂಡಿರುತ್ತಾನೆ. ಆ ನಿಶ್ಚಯ ಆಗುವುದು ಮೆಕ್‌ಲ್ಯಾಬ್‌ನಲ್ಲಿ.

ಈಗ ನಿಮ್ಮ ‘ಸ್ವಲ್ಪ ಇಳಿಸಿದ’ ಆರ್ಮರ್‌ಗೆ ಬರೋಣ. ಸಾಮಾನ್ಯ ಆರ್ಮರ್ ಒಂದು ಟನ್‌ಗೆ 32 ಪಾಯಿಂಟ್. 50 ಟನ್ನಿನ ಮೆಕ್‌ಗೆ ಹಾಕಬಹುದಾದ ಗರಿಷ್ಠ 338 ಪಾಯಿಂಟ್, ಅಂದರೆ ಹತ್ತೂವರೆ ಟನ್‌ಗಿಂತ ಚೂರು ಹೆಚ್ಚು. ಅದರ ನಡು ಎದೆಗೆ ಹಿಂದುಮುಂದು ಸೇರಿ ಹಿಡಿಯುವುದು 64. ಎರಡು ಟನ್ ಆರ್ಮರ್ ಕಿತ್ತರೆ ಹೋಗುವುದೂ ಸರಿಯಾಗಿ 64! ಒಂದು ಗನ್‌ನ ಆಸೆಗೆ ಎದೆಯ ಅಷ್ಟೂ ಆರ್ಮರ್ ಬಿಚ್ಚಿಟ್ಟಂತೆ.

ಹಾಗಂತ ಎಲ್ಲ ಕಡೆಯೂ ಗರಿಷ್ಠವೇ ಇರಬೇಕೆಂದಿಲ್ಲ. ಭಾರದ, ನಿಧಾನದ ಮೆಕ್ ಆದರೆ ಕಾಲುಗಳಿಂದ ಸ್ವಲ್ಪ ಕದಿಯಬಹುದು. ಯಾಕೆಂದರೆ ಎದುರಿಗೆ ಅಷ್ಟು ಅಗಲದ ಎದೆ ಕಾಣುವಾಗ ಕಾಲಿಗೆ ಗುರಿ ಇಡುವವರು ಕಡಿಮೆ. 20ರಿಂದ 35 ಟನ್ನಿನ ಹಗುರ ಮೆಕ್‌ಗಳಲ್ಲಿ ಮಾತ್ರ ಈ ಕಳ್ಳತನ ಬೇಡ. ಅವುಗಳ ಬಲ ಓಟದಲ್ಲಿರುವುದು ಎಲ್ಲರಿಗೂ ಗೊತ್ತು, ಮೊದಲ ಗುಂಡು ಬೀಳುವುದೇ ಕಾಲಿಗೆ.

ಬಿಟ್ಟಿ ಸಿಗುವ ಲಾಭ ಬೆನ್ನಲ್ಲಿದೆ. ಅಂಗಡಿಯಿಂದ ಬಂದ ಹಾಗೇ ಇರುವ ಮೆಕ್‌ಗಳ ಬೆನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಆರ್ಮರ್ ಇರುತ್ತದೆ. 100 ಟನ್ನಿನ ಅಟ್ಲಾಸ್‌ನ ಮೂಲ ಮಾದರಿ ನೋಡಿ: ನಡು ಎದೆಗೆ ಮುಂದೆ 94, ಹಿಂದೆ 28. ಹಿಂದಿನದರಲ್ಲಿ ಹತ್ತು ಉಳಿಸಿಕೊಂಡು ಹದಿನೆಂಟನ್ನು ಮುಂದಕ್ಕೆ ತಂದರೆ ಒಂದು ಗ್ರಾಮೂ ತೂಕ ಹೆಚ್ಚಾಗದೆ, ಎಸಿ 20 ಫಿರಂಗಿಯ ಒಂದು ಹೊಡೆತವನ್ನು ಹತ್ತಿರ ಹತ್ತಿರ ಪೂರ್ತಿ ನುಂಗುವಷ್ಟು ತಡೆ ಸಿಕ್ಕಿತು. ‘ಯಾರಾದರೂ ಹಿಂದಿನಿಂದ ಬಂದರೆ?’ ಅಂತ ಕೇಳಬಹುದು. ಬಂದವನು ನಿಮಗೆ ಗೊತ್ತಾಗದೆ ಎರಡು ಸಲ ಹೊಡೆದನೆಂದರೆ 28 ಇದ್ದರೂ ಸಾಲುತ್ತಿರಲಿಲ್ಲ. ಒಂಟಿಯಾಗಿ ಅಲೆಯದೆ ಜೊತೆಯವರ ಪಕ್ಕದಲ್ಲಿ ನಿಲ್ಲುವುದೇ ಬೆನ್ನಿಗೆ ನಿಜವಾದ ಆರ್ಮರ್.

ನಿಮ್ಮನ್ನು ನಿಜವಾಗಿ ಸಾಯಿಸುತ್ತಿರುವುದು ಎಂಜಿನ್ ಅಂತ ನನ್ನ ಗುಮಾನಿ. ಎಕ್ಸ್ಎಲ್ ಎಂಜಿನ್ ಅದೇ ಶಕ್ತಿಯ ಸ್ಟ್ಯಾಂಡರ್ಡ್ ಎಂಜಿನ್‌ನ ಅರ್ಧ ತೂಕ, ಅದಕ್ಕೇ ಎಲ್ಲರೂ ಅದಕ್ಕೆ ಮರುಳಾಗುವುದು. ಆದರೆ ಅದು ಎದೆಯೊಳಗೇ ಹಿಡಿಸುವುದಿಲ್ಲ, ಎರಡೂ ಪಕ್ಕೆಗಳಿಗೆ ಕಾಲು ಚಾಚುತ್ತದೆ, ಒಂದೊಂದು ಪಕ್ಕೆಯಲ್ಲಿ ಮೂರು ಸ್ಲಾಟ್ (ಸಾಮಾನು ಕೂರಿಸುವ ಖಾನೆ). ಇನ್ನರ್ ಸ್ಫಿಯರ್ ಮೆಕ್‌ನಲ್ಲಿ ಯಾವುದಾದರೂ ಒಂದು ಪಕ್ಕೆ ಹೋಯಿತೆಂದರೆ ಎಂಜಿನ್ ಸತ್ತಂತೆ. ಎದುರಾಳಿ ನಿಮ್ಮ ನಡು ಎದೆಯನ್ನು ಮುಟ್ಟಲೇಬೇಕಾಗಿಲ್ಲ. ಕ್ಲಾನ್ ಮೆಕ್‌ಗಳ ಎಕ್ಸ್ಎಲ್ ಪಕ್ಕೆಗೆ ಎರಡೇ ಸ್ಲಾಟ್ ಹಿಡಿಯುವುದರಿಂದ ಒಂದು ಪಕ್ಕೆ ಕಳೆದುಕೊಂಡರೂ ಏದುಸಿರು ಬಿಡುತ್ತ ನಡೆದಾಡುತ್ತದೆ. ಕ್ಲಾನ್ ಮೆಕ್ ಓಡಿಸುವ ಗೆಳೆಯರ ಬಿಲ್ಡ್ ನೋಡಿ ನಕಲು ಹೊಡೆದಿದ್ದರೆ ಎಡವಿದ್ದು ಇಲ್ಲೇ.

ನಮ್ಮ ಇನ್ನರ್ ಸ್ಫಿಯರ್ ಕಡೆಯವರಿಗೆ ನಡುದಾರಿ ಲೈಟ್ ಎಂಜಿನ್. ಸ್ಟ್ಯಾಂಡರ್ಡ್‌ನ ಮುಕ್ಕಾಲು ತೂಕ, ಪಕ್ಕೆಗೆ ಎರಡು ಸ್ಲಾಟ್. ಒಂದು ಪಕ್ಕೆ ಹೋದರೆ ವೇಗ ತಗ್ಗುತ್ತದೆ, ಬಿಸಿಯೂ ಕಾಡುತ್ತದೆ, ಆದರೆ ಜೀವ ಇರುತ್ತದೆ. 50 ಟನ್ನಿನ ಮೆಕ್‌ಗೆ ಕಣ್ಣು ಮುಚ್ಚಿ ಇದನ್ನೇ ಹಾಕಿ ಅನ್ನುತ್ತೇನೆ. ಎಕ್ಸ್ಎಲ್ ಏನಿದ್ದರೂ ಪಕ್ಕೆಗಳು ಸಣಕಲಾಗಿದ್ದು ಗುರಿಗೆ ಸಿಗದ ಮೆಕ್‌ಗಳಿಗೆ, ಇಲ್ಲವೇ ದೂರದಿಂದಲೇ ಹೊಡೆಯುವವರಿಗೆ.

ಸ್ಟ್ಯಾಂಡರ್ಡ್ ಎಂಜಿನ್‌ಗೂ ಅದರದೇ ಗತ್ತು ಇದೆ. ಅದು ಪೂರ್ತಿ ನಡು ಎದೆಯಲ್ಲೇ ಕೂರುವುದರಿಂದ ಎರಡೂ ಪಕ್ಕೆ, ಎರಡೂ ಕೈ ಹೋದ ಮೇಲೂ ಮೆಕ್ ನಿಂತಿರುತ್ತದೆ. ಆಟಗಾರರ ಬಾಯಲ್ಲಿ ಇದಕ್ಕೆ ಜಾಂಬಿ ಅಂತ ಹೆಸರು. 50 ಟನ್ನಿನ ಸೆಂಚುರಿಯನ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದರ ಸಿಎನ್9 ಎ ಮಾದರಿಯಲ್ಲಿ ಎರಡು ಲೇಸರ್‌ಗೆ ಜಾಗ ಇರುವುದು ನಡು ಎದೆಯಲ್ಲೇ, ದೊಡ್ಡ ಗನ್ ಬಲಗೈಯಲ್ಲಿ. ಎಡಗೈಯಲ್ಲಿ ಆಯುಧವೇ ಇಲ್ಲ, ಅದು ಗುರಾಣಿ. ಹೊಡೆದ ಮೇಲೆ ದೇಹವನ್ನು ತಿರುಗಿಸಿ ಆ ಖಾಲಿ ಕೈಯನ್ನು ಎದುರಾಳಿಗೆ ಒಡ್ಡಬೇಕು. ಖಾಲಿ ಇದೆಯಲ್ಲ ಅಂತ ಆ ಕೈಯ ಆರ್ಮರ್ ಇಳಿಸುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಆ ಕೈಗೆ ಇರುವ ಕೆಲಸವೇ ಏಟು ತಿನ್ನುವುದು. ನಿಮ್ಮ ಮೆಕ್ ಯಾವುದೇ ಇರಲಿ, ಆಯುಧಗಳನ್ನು ಸಾಧ್ಯವಾದಷ್ಟು ಒಂದೇ ಬದಿಗೆ ಒಟ್ಟು ಮಾಡಿ ಇನ್ನೊಂದು ಬದಿಯನ್ನು ಹೀಗೆ ಬಲಿ ಕೊಡುವ ಬದಿಯಾಗಿ ಬಿಡಿ. ಎರಡೂ ಕಡೆ ಅಂದವಾಗಿ ಸಮ ಹಂಚಿದರೆ ಎಲ್ಲಿ ಏಟು ಬಿದ್ದರೂ ಒಂದು ಗನ್ ಹೋಗುತ್ತದೆ.

ಇದು ಈ ಆಟಕ್ಕೆ ಮಾತ್ರ ಅಂಟಿದ ಮಾತಲ್ಲ. ಬ್ಲಾಕ್ ಜೋಡಿಸಿ ರೋಬೋಟ್ ಕಟ್ಟುವ ರೋಬೋಕ್ರಾಫ್ಟ್ ಅಂತ ಒಂದಿತ್ತು, 2014ರಲ್ಲಿ ಬಂದದ್ದು. ಅಲ್ಲಿ ಒಂದೇ ಒಂದು ಬ್ಲಾಕ್‌ಗೆ ನೇತುಹಾಕಿದ ಗನ್, ಆ ಬ್ಲಾಕ್ ಒಡೆದ ತಕ್ಷಣ ಇಡಿಯಾಗಿ ಕಳಚಿ ಬೀಳುತ್ತಿತ್ತು. ಚೆಂದಕ್ಕೆ ಉದ್ದುದ್ದ ತೋಳು ಕಟ್ಟಿದವರೆಲ್ಲ ಅಲ್ಲಿ ಮೊದಲ ನಿಮಿಷದಲ್ಲೇ ಕೈಕಾಲು ಕಳೆದುಕೊಳ್ಳುತ್ತಿದ್ದರು.

ಗುಂಡು ಎಲ್ಲಿಟ್ಟಿದ್ದೀರಿ ನೋಡಿ. ಆರ್ಮರ್ ಹರಿದ ಭಾಗದಲ್ಲಿ ಮದ್ದುಗುಂಡು ಇದ್ದರೆ ಅದು ಒಳಗೇ ಸಿಡಿಯಬಹುದು. ಎಕ್ಸ್ಎಲ್ ಹಾಕಿ, ಅದೇ ಪಕ್ಕೆಯಲ್ಲಿ ಗುಂಡನ್ನೂ ಇಡುವುದು ಎದುರಾಳಿಯ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಒಂದೊಂದು ಕಾಲಲ್ಲೂ ಎರಡೆರಡು ಸ್ಲಾಟ್ ಖಾಲಿ ಇರುತ್ತವೆ. ಮೊದಲು ಅವನ್ನು ತುಂಬಿ, ಸಾಲದಿದ್ದರೆ ತಲೆಯಲ್ಲಿರುವ ಒಂದು ಸ್ಲಾಟ್. ವಿದ್ಯುತ್ಕಾಂತದ ಬಲದಿಂದ ಗುಂಡು ಹಾರಿಸುವ ಗಾಸ್ ರೈಫಲ್ ಮಾತ್ರ ಇಲ್ಲಿ ತಿರುವುಮುರುವು: ಅದರ ಗುಂಡು ಸಿಡಿಯುವುದಿಲ್ಲ, ಗನ್ನೇ ಸಿಡಿಯುತ್ತದೆ.

ಇನ್ನು ಆಯುಧದ ಆಯ್ಕೆ. ಬದುಕುವುದಕ್ಕೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. ಒಂದು ಆಯುಧ ಎಷ್ಟು ಹೊತ್ತು ನಿಮ್ಮ ಎದೆಯನ್ನು ಎದುರಾಳಿಯ ಕಡೆ ಹಿಡಿದು ನಿಲ್ಲಿಸುತ್ತದೆ ಅಂತ ಯೋಚಿಸಿ. ಮೀಡಿಯಂ ಲೇಸರ್ ಹತ್ತಿರ ಹತ್ತಿರ ಒಂದು ಸೆಕೆಂಡು ಉರಿಯಬೇಕು, ಅಷ್ಟು ಹೊತ್ತೂ ಗುರಿ ಅಲುಗದಂತೆ ಅತ್ತಲೇ ನೋಡುತ್ತಿರಬೇಕು. ಪಿಪಿಸಿ ಅನ್ನುವ ಕಣ ಫಿರಂಗಿ ಹಾಗಲ್ಲ, ಹಾರಿಸಿದ ಮರುಗಳಿಗೆಯೇ ಮುಖ ತಿರುಗಿಸಬಹುದು. ನಿಂತಲ್ಲೇ ಸಣ್ಣ ಗುಂಡು ಸುರಿಸುತ್ತಿರಬೇಕಾದ ಆಯುಧಗಳಂತೂ ಹೊಸಬರಿಗೆ ಬೇಡವೇ ಬೇಡ. ಗನ್ ಎಷ್ಟು ಎತ್ತರದಲ್ಲಿದೆ ಅನ್ನುವುದೂ ಮುಖ್ಯ. ಭುಜದ ಮೇಲಿದ್ದರೆ ದಿಬ್ಬದಾಚೆ ತಲೆ ಇಣುಕಿಸಿ ಹೊಡೆದು ಇಳಿಯಬಹುದು. ಸೊಂಟದ ಮಟ್ಟಕ್ಕೆ ನೇತಾಡುತ್ತಿದ್ದರೆ ಅರ್ಧ ಮೈ ಹೊರಗೆ ಹಾಕದ ಹೊರತು ಗುಂಡೆಲ್ಲ ದಿಬ್ಬದ ಮಣ್ಣಿಗೇ ಹೊಡೆಯುತ್ತದೆ. ಅಂಥ ಮೆಕ್ ನಿಮ್ಮದಾದರೆ ದಿಬ್ಬ ಬಿಟ್ಟು ಗೋಡೆಯ ಮೂಲೆ ಹುಡುಕಿ. ಆಯುಧ ಯಾವ ಬದಿಯಲ್ಲಿದೆಯೋ ಆ ಬದಿಯನ್ನು ಮಾತ್ರ ಹೊರಗೆ ತೋರಿಸಿದರೆ ಸಾಕು.

ಆಯುಧಗಳ ದೂರವೂ ಒಂದಕ್ಕೊಂದು ಹೊಂದಬೇಕು. ಎಸಿ 20, ಮೀಡಿಯಂ ಲೇಸರ್ ಎರಡೂ 270 ಮೀಟರ್ ಆಸುಪಾಸಿನವು, ಒಳ್ಳೆಯ ಜೋಡಿ. ಇನ್ನರ್ ಸ್ಫಿಯರ್‌ನ ಎಲ್‌ಆರ್‌ಎಮ್ ಕ್ಷಿಪಣಿ 180 ಮೀಟರ್‌ಗಿಂತ ಹತ್ತಿರದಲ್ಲಿ ಕೆಲಸಕ್ಕೇ ಬಾರದು. ಇವನ್ನು ಬೆರೆಸಿದರೆ ಯಾವ ದೂರದಲ್ಲಿ ನಿಂತರೂ ಅರ್ಧ ತೂಕ ಸುಮ್ಮನೆ ಹೊತ್ತಂತೆ.

ಗನ್ ಹಾರಿಸಿದಷ್ಟೂ ಮೆಕ್ ಬಿಸಿಯಾಗುತ್ತದೆ, ಆ ಬಿಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಿತಿ ಮುಟ್ಟಿದರೆ ಮೆಕ್ ನಿಂತಲ್ಲೇ ಆಫ್ ಆಗುತ್ತದೆ, ನಿಂತ ಮೆಕ್‌ನ ಎದೆಗೆ ಗುರಿ ಇಡುವುದು ಯಾರಿಗೂ ಕಷ್ಟವಲ್ಲ. ಆಫ್ ಆಗದಂತೆ ತಡೆಯುವ ಓವರ್‌ರೈಡ್ ಒತ್ತಿ ಓಡಿಸಿದರೆ ಒಳಗಿನಿಂದ ನೀವೇ ಸುಟ್ಟುಕೊಳ್ಳುತ್ತೀರಿ. ಒಂದೇ ಬಗೆಯ ಭಾರಿ ಗನ್‌ಗಳನ್ನು ಮಿತಿ ಮೀರಿ ಒಟ್ಟಿಗೆ ಹಾರಿಸಿದರೆ ದಂಡವಾಗಿ ಬಿಸಿ ಇನ್ನಷ್ಟು ಏರುತ್ತದೆ, ಅರ್ಧ ಸೆಕೆಂಡು ಬಿಟ್ಟು ಬಿಟ್ಟು ಹಾರಿಸಿ. ಬಿಸಿ ಹೊರಹಾಕುವ ಹೀಟ್ ಸಿಂಕ್‌ಗಳಲ್ಲಿ ಹೆಚ್ಚು ಬಲದ ಡಬಲ್ ಹೀಟ್ ಸಿಂಕ್‌ಗೆ ಇನ್ನೂ ಬದಲಾಗಿಲ್ಲವಾದರೆ ಇವತ್ತೇ ಬದಲಾಗಿ. ಎಂಜಿನ್‌ನ ಸಂಖ್ಯೆ (ಅದರ ಶಕ್ತಿಯ ಅಳತೆ) 250ಕ್ಕಿಂತ ಕೆಳಗಿದ್ದರೆ ಕಡ್ಡಾಯದ ಹತ್ತು ಹೀಟ್ ಸಿಂಕ್ ಅದರೊಳಗೆ ಹಿಡಿಸದೆ ಹೊರಗೆ ಸ್ಲಾಟ್ ತಿನ್ನುತ್ತವೆ ಅನ್ನುವುದು ನೆನಪಿರಲಿ. ವೇಗದ ಲೆಕ್ಕ ಸುಲಭ, ಎಂಜಿನ್ ಸಂಖ್ಯೆಯನ್ನು ಮೆಕ್‌ನ ತೂಕದಿಂದ ಭಾಗಿಸಿ 16.2ರಿಂದ ಗುಣಿಸಿ. 50 ಟನ್‌ಗೆ 250 ಹಾಕಿದರೆ ಗಂಟೆಗೆ 81 ಕಿಲೋಮೀಟರ್. ಮಧ್ಯಮ ತೂಕದವರು ಅದಕ್ಕಿಂತ ಕೆಳಗಿಳಿಯದಿದ್ದರೆ ಒಳ್ಳೆಯದು.

‘ಇದಕ್ಕೆಲ್ಲ ತೂಕ ಎಲ್ಲಿಂದ ತರಲಿ?’ ಎಂಡೋ ಸ್ಟೀಲ್ ಇದೆ. ಒಳಗಿನ ಚೌಕಟ್ಟಿನ ತೂಕವನ್ನು ಅದು ಅರ್ಧಕ್ಕೆ ಇಳಿಸುತ್ತದೆ, ನಿಮ್ಮ ಮೆಕ್‌ನಲ್ಲಿ ಎರಡೂವರೆ ಟನ್ ಉಳಿತಾಯ. ಬದಲಿಗೆ 14 ಸ್ಲಾಟ್ ಹೋಗುತ್ತವೆ. ಹಗುರ ಬಗೆಯ ಫೆರೋ ಆರ್ಮರ್‌ಗೂ 14 ಸ್ಲಾಟ್ ಬೇಕು, ಉಳಿಸುವ ತೂಕ ಮಾತ್ರ ಅದಕ್ಕಿಂತ ಕಡಿಮೆ. ಹಾಗಾಗಿ ಎಂಡೋ ಮೊದಲು. ಕಿತ್ತ ಆರ್ಮರ್ ಅಲ್ಲಿಗೆ ವಾಪಸ್ ಬಂತು. ಲೈಟ್ ಎಂಜಿನ್ ತಿನ್ನುವ ಹೆಚ್ಚಿನ ತೂಕಕ್ಕೆ ಒಂದು ಗನ್ ಬಿಡಬೇಕಾಗುತ್ತದೆ, ಬಿಡಿ. ಮೂರು ಗನ್ ಇಟ್ಟುಕೊಂಡು ಆರು ನಿಮಿಷ ಹೊಡೆಯುವವನ ಡ್ಯಾಮೇಜ್ ಮುಂದೆ ನಾಲ್ಕು ಗನ್ನಿನಿಂದ ಒಂದೂವರೆ ನಿಮಿಷ ಹೊಡೆದವನದು ಯಾವ ಲೆಕ್ಕ?

ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮೊದಲು ಎಂಜಿನ್ ಬದಲಾಯಿಸಿ, ಬೆನ್ನಿನ ಆರ್ಮರ್ ಮುಂದಕ್ಕೆ ತನ್ನಿ, ಟೆಸ್ಟಿಂಗ್ ಗ್ರೌಂಡ್‌ನಲ್ಲಿ ಬಿಸಿ ಹೇಗೆ ಏರುತ್ತದೆ ನೋಡಿಕೊಂಡು ನಾಲ್ಕೈದು ಪಂದ್ಯ ಆಡಿ. ಸತ್ತ ಗಳಿಗೆಯಲ್ಲಿ ಬೈದುಕೊಳ್ಳುವುದಕ್ಕೆ ಮೊದಲು ನಿಮ್ಮ ಮೆಕ್‌ನ ಪುಟ್ಟ ಚಿತ್ರದ ಮೇಲೆ ಕಣ್ಣಾಡಿಸಿ. ಒಂದು ಪಕ್ಕೆ ಖಾಲಿಯಾಗಿ ಉಳಿದದ್ದೆಲ್ಲ ಹೊಸದರಂತಿದ್ದರೆ ಎಕ್ಸ್ಎಲ್ ಇನ್ನೂ ತೆಗೆದಿಲ್ಲ ಅಂತ ಅರ್ಥ. ನಡು ಎದೆ ಮಾತ್ರ ಹೋಗಿ ಕೈಗಳು ಹಾಗೇ ಇದ್ದರೆ ಮೈ ತಿರುಗಿಸುತ್ತಿಲ್ಲ. ಬೆನ್ನು ಹರಿದಿದ್ದರೆ ಜೊತೆಯವರನ್ನು ಬಿಟ್ಟು ಎಲ್ಲೋ ಹೋಗಿದ್ದಿರಿ. ಎರಡು ಕೈಯೂ ಇಲ್ಲದೆ, ಒಂದು ಪಕ್ಕೆ ಹೋಗಿ, ಎದೆಯಲ್ಲಿ ಕೆಂಪಗೆ ಒಂದು ಲೇಸರ್ ಮಾತ್ರ ಉಳಿದಾಗ ಸತ್ತಿದ್ದರೆ, ಆ ಬಿಲ್ಡ್ ಅನ್ನು ಹಾಗೇ ಇಟ್ಟುಕೊಳ್ಳಿ.